ಅಡುಗೆಮನೆಯ ಜೀರ್ಣೋದ್ಧಾರ

ತರ್ಕಶಾಸ್ತ್ರವನ್ನು ಅಭ್ಯಾಸಮಾಡಹೊರಟ ವಿದ್ಯಾರ್ಥಿಯನ್ನು ನಮ್ಮ ಆಚಾರ್ಯರು ಮೊದಲು ಕರೆದೊಯ್ಯುವುದು ಅಡುಗೆಮನೆಗೆ. ದೂರದ ಬೆಟ್ಟದಲ್ಲಿ ಹೊಗೆಯೇಳುವುದನ್ನು ಕಂಡು ಅಲ್ಲಿ ಬೆಂಕಿಯಿರಬೇಕೆಂದು ಒಬ್ಬನು ಊಹಿಸುತ್ತಾನೆ. ಹಾಗೆ ಊಹಿಸುವ ಅಧಿಕಾರ ಅವನಿಗೆಲ್ಲಿಂದ ಬಂತೆಂದು ಕೇಳಿದರೆ, ಹೊಗೆಯೂ ಬೆಂಕಿಯೂ ಒಡಗೂಡಿರುವುದನ್ನು ಅವನು ಪಾಕಶಾಲೆಯಲ್ಲಿ ದಿನದಿನವೂ ಕಂಡಿದ್ದಾನೆ, ಅಲ್ಲಿಂದಲೇ ಬಂತು ಎಂಬುದು ಅನ್ನಂಭಟ್ಟನ ‘ತರ್ಕಸಂಗ್ರಹ’ವೇ ಮೊದಲಾದ ಗ್ರಂಥಗಳ ಉತ್ತರ. ಆದರೆ ನೈಯಾಯಿಕನು ಅಷ್ಟಕ್ಕೇ ತೃಪ್ತನಾಗುವವನಲ್ಲ. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟೆಂಬುದನ್ನು ಅವನು ಒಪ್ಪುತ್ತಾನೆ, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂಬುದನ್ನು ಒಪ್ಪುವುದಿಲ್ಲ. ಕೆಂಪಗೆ ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲವಷ್ಟೆ. ಹೊಗೆಯನ್ನು ಹುಟ್ಟಿಸುವುದು ಹಸಿಯ ಸೌದೆಯ ಸಂಯೋಗವೇ ಹೊರತು ಬೆಂಕಿಯ ಸ್ವಭಾವವಲ್ಲ. ಹೊರಗಿನಿಂದ ಬಂದು ಸೇರಿಕೊಂಡು, ತಾನೇ ವಸ್ತುವಿನ ಸ್ವಭಾವವೆಂಬಂತೆ ತೋರುವ ಇಂಥದನ್ನು ಶಾಸ್ತ್ರವು ಉಪಾಧಿಯೆಂದು ಕರೆಯುತ್ತದೆ.

ಈ ವಿವೇಕವು ಪಾಠಶಾಲೆಯಲ್ಲಿ ಎಷ್ಟೋ ಶತಮಾನಗಳಷ್ಟು ಹಳೆಯದಾದರೂ, ಯಾವ ಪಾಕಶಾಲೆಯಿಂದ ಪಂಡಿತರು ಆ ದೃಷ್ಟಾಂತವನ್ನು ಎರವಲು ತಂದರೋ ಆ ಪಾಕಶಾಲೆಯೊಳಕ್ಕೆ ಅದು ಮರಳಿ ಬರಲು ಬಹುಕಾಲ ಹಿಡಿಯಿತು. ಒಲೆಯೆಂದರೆ ಹೊಗೆ, ಹೊಗೆಯೆಂದರೆ ಹೆಂಗಸರ ಕಣ್ಣೀರು ಮತ್ತು ಕೆಮ್ಮು, ಇದು ಅಡುಗೆಮನೆಯ ಸ್ವಭಾವವೇ ಸರಿ ಎಂದು ತಲೆಮಾರುಗಳು ನಂಬಿ ನಡೆದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿಯವರು 1974ರಲ್ಲಿ ಪ್ರಾರಂಭಿಸಿದ ‘ಅಸ್ತ್ರ’ ಎಂಬ ವಿಭಾಗವು, ಉರಿಯನ್ನು ಮುಚ್ಚಿದ ಗೂಡಿನೊಳಗಿರಿಸಿ ಹೊಗೆಯನ್ನು ಕೊಳವೆಯ ಮೂಲಕ ಚಾವಣಿಯಾಚೆಗೆ ಕಳುಹಿಸುವ ಒಲೆಯನ್ನು ಕರ್ನಾಟಕದ ಹಳ್ಳಿಗಳಿಗೆ ಕೊಟ್ಟಾಗ, ನ್ಯಾಯಶಾಸ್ತ್ರದ ಆ ಹಳೆಯ ವಿಚಾರವೇ ಗಾರೆ ಇಟ್ಟಿಗೆಗಳ ರೂಪವನ್ನು ತಾಳಿತೆಂದು ನಾನು ಭಾವಿಸುತ್ತೇನೆ. ಹೊಗೆಯನ್ನು ಕಳೆದರೂ ಒಲೆ ಒಲೆಯಾಗಿಯೇ ಉಳಿಯಿತು.

ಹಾಗಾದರೆ ಅಡುಗೆಮನೆಯಲ್ಲಿ ಇನ್ನೂ ಏನೇನನ್ನು ಕಳೆಯಬಹುದು? ಕಳೆಯಲಾಗದೆ ಉಳಿಯುವುದು ಯಾವುದು? ಒಂದು ಸಾಧಾರಣ ಕುಟುಂಬವು ತನ್ನ ಹಳೆಯ ಅಡುಗೆಮನೆಯನ್ನು, ಇದ್ದ ಗೋಡೆಗಳೊಳಗೇ, ಕೈಯಲ್ಲಿದ್ದ ಹಣದೊಳಗೇ ಹೊಸದು ಮಾಡಿಕೊಳ್ಳಬೇಕೆಂದು ಹೊರಟಾಗ ಈ ಪ್ರಶ್ನೆ ಪುಸ್ತಕದಿಂದ ಇಳಿದುಬಂದು ಮನೆಯ ನಡುವೆ ನಿಲ್ಲುತ್ತದೆ.

ನಮ್ಮ ಜೆ.ಪಿ. ನಗರವು ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿಗಳ ಸುತ್ತಿನ ಹೊಲತೋಟಗಳ ಮೇಲೆ ಲೋಕನಾಯಕ ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತು ಹಂತಹಂತವಾಗಿ ಎದ್ದ ಬಡಾವಣೆ. 1976ರಲ್ಲಿ ಸ್ಥಾಪಿತವಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಿಂದ ಮೂವತ್ತು ನಲವತ್ತರ ನಿವೇಶನವನ್ನು ಪಡೆದು, ಬ್ಯಾಂಕುಗಳಲ್ಲಿಯೂ ಸರ್ಕಾರಿ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ದುಡಿದ ಜನ ಸಾಲಸೋಲ ಮಾಡಿ ಇಲ್ಲಿ ಮನೆ ಕಟ್ಟಿಕೊಂಡರು. ನಮ್ಮ ತಂದೆಯವರು ಕಟ್ಟಿಸಿದ ಮನೆಯೂ ಅಂಥದೇ: ಭಾರವನ್ನು ತಾವೇ ಹೊತ್ತ ಒಂಬತ್ತಿಂಚಿನ ಇಟ್ಟಿಗೆಯ ಗೋಡೆಗಳು, ಕೆಂಪು ಗಾರೆಯ ನೆಲ, ಎಂಟಡಿ ಅಗಲ ಹತ್ತಡಿ ಉದ್ದದ ಅಡುಗೆಮನೆ, ಅದರಲ್ಲಿ ಕಡಪ ಕಲ್ಲಿನ ಒಂದು ಕಟ್ಟೆ, ಮೂಲೆಯಲ್ಲಿ ನೆಲಕ್ಕೆ ಹೂಳಿದ ಒರಳು, ಪೂರ್ವದ ಗೋಡೆಯಲ್ಲಿ ದೇವರ ಗೂಡು. ನೆರೆಹೊರೆಯಲ್ಲಿ ಅನೇಕರು ಹಳೆಯ ಮನೆಯನ್ನು ಕೆಡವಿ ಬಾಡಿಗೆಗೆಂದು ನಾಲ್ಕು ಅಂತಸ್ತು ಎಬ್ಬಿಸಿದ್ದಾರೆ. ನಾವು ಹಾಗೆ ಮಾಡಲಿಲ್ಲ. ಒಂದು ಗೋಡೆಯನ್ನೂ ಕದಲಿಸಬಾರದು, ಕೂಡಿಟ್ಟ ನಾಲ್ಕು ಲಕ್ಷ ರೂಪಾಯಿಯನ್ನು ಮೀರಿ ಒಂದು ಕಾಸನ್ನೂ ಸಾಲ ತರಬಾರದು ಎಂಬ ಎರಡು ನಿಯಮಗಳನ್ನು ಮನೆಯವರೆಲ್ಲ ಸೇರಿ ಹಾಕಿಕೊಂಡೆವು.

ಮಿತಿಯನ್ನು ಮನುಷ್ಯನು ಸಾಮಾನ್ಯವಾಗಿ ತನ್ನ ಇಚ್ಛೆಗೆ ಬಂದ ವಿಘ್ನವೆಂದೇ ಎಣಿಸುತ್ತಾನೆ. ಜೈನರೂ ಯೋಗಶಾಸ್ತ್ರಕಾರರೂ ಅಪರಿಗ್ರಹವನ್ನು ವ್ರತಗಳಲ್ಲಿ ಒಂದಾಗಿ ಎಣಿಸಿದಾಗ, ಬಡತನವನ್ನು ಸಹಿಸಿಕೊಳ್ಳುವ ಉಪಾಯವನ್ನಷ್ಟೇ ಅವರು ಹೇಳಿದರೆಂದು ನಾನು ತಿಳಿಯಲಾರೆ. ವಸ್ತುವಿನ ಮೌಲ್ಯವನ್ನು ಅರಿಯುವ ಉಪಾಯವೂ ಅದರಲ್ಲಿತ್ತು. ಹಣವೂ ಸ್ಥಳವೂ ಅಪಾರವಾಗಿದ್ದರೆ ಯಾವುದು ಬೇಕು, ಯಾವುದು ಬೇಡ ಎಂಬ ವಿಚಾರಕ್ಕೆ ಅವಕಾಶವೇ ಬರುವುದಿಲ್ಲ, ಎಲ್ಲವನ್ನೂ ತಂದು ತುಂಬಬಹುದು. ಎಂಬತ್ತು ಚದರಡಿಯಲ್ಲಿಯಾದರೋ, ಒಂದನ್ನು ಒಳಕ್ಕೆ ತರಬೇಕಾದರೆ ಇನ್ನೊಂದನ್ನು ಹೊರಕ್ಕೆ ಕಳುಹಿಸಲೇಬೇಕು, ಕಳುಹಿಸುವ ಮುನ್ನ ಅದಿಲ್ಲದೆ ಬಾಳಬಹುದೇ ಎಂದು ಕೇಳಿಕೊಳ್ಳಲೇಬೇಕು. ಹೀಗೆ ಮಿತಿಯೇ ವಿವೇಕಕ್ಕೆ ಗುರುವಾಗುತ್ತದೆ.

ಮೊದಲ ಪಾಠವನ್ನು ಕಲಿಸಿದವನು ಮೇಸ್ತ್ರಿ. ಸಿಂಕನ್ನು ಕಿಟಕಿಯ ಕೆಳಕ್ಕೆ ಸರಿಸಿದರೆ ಬೆಳಕು ಚೆನ್ನಾಗಿರುತ್ತದೆಂದು ನಾವು ಸೂಚಿಸಿದಾಗ ಅವನು ನೆಲವನ್ನೊಮ್ಮೆ, ಹಿತ್ತಿಲ ಕಡೆಯ ಚೇಂಬರನ್ನೊಮ್ಮೆ ನೋಡಿ, “ಸಿಂಕು ಇದ್ದಲ್ಲೇ ಇರ್ಲಿ ಸಾರ್. ಆ ಕಡೆ ತಗೊಂಡೋದ್ರೆ ನೆಲ ಎಲ್ಲಾ ಒಡೀಬೇಕು, ಆಮೇಲೂ ನೀರಿಗೆ ಇಳಿಜಾರು ಸಿಗಲ್ಲ” ಎಂದನು. ಅಡುಗೆಮನೆಯಲ್ಲಿ ದುಡ್ಡನ್ನು ನುಂಗುವುದು ಕಣ್ಣಿಗೆ ಕಾಣುವ ಕಪಾಟಿಗಿಂತಲೂ ಹೆಚ್ಚಾಗಿ ಕಣ್ಣಿಗೆ ಕಾಣದ ಕೊಳವೆ. ನೀರು ಬರುವ ದಾರಿ, ನೀರು ಹೋಗುವ ದಾರಿ, ವಿದ್ಯುತ್ತಿನ ತಂತಿ ಇವುಗಳನ್ನು ಇದ್ದಲ್ಲಿಯೇ ಉಳಿಸಿಕೊಂಡವನಿಗೆ ಅರ್ಧ ಖರ್ಚು ಉಳಿದಂತೆ. ಉಳಿದ ಹಣವನ್ನು ಎಲ್ಲಿ ಹಾಕಬೇಕೆಂಬ ವಿಷಯದಲ್ಲಿಯೂ ಅದೃಶ್ಯವಾದುದಕ್ಕೇ ಪ್ರಾಶಸ್ತ್ಯವನ್ನು ಕೊಟ್ಟೆವು: ಕಪಾಟುಗಳ ಹೊರಬಾಗಿಲಿಗೆ ಹೊಳಪಿನ ಹಾಳೆ ಬೇಡ, ಸಿಂಕಿನ ಸುತ್ತಿನ ಹಲಗೆ ಮಾತ್ರ ನೀರಿಗೆ ಜಗ್ಗದ, ಐ.ಎಸ್. 710 ಗುರುತಿನ ಪ್ಲೈವುಡ್ಡೇ ಆಗಿರಲಿ. ಒಳಗಿನ ಅಡ್ಡಹಲಗೆಗಳಿಗೆ ಹಳೆಯ ಕಟ್ಟೆಯ ಕಡಪ ಕಲ್ಲನ್ನೇ ಕತ್ತರಿಸಿ ಕೂರಿಸೋಣ, ಅದಕ್ಕೆ ಗೆದ್ದಲಿನ ಭಯವಿಲ್ಲ. ಕಡಪವು ಸುಣ್ಣದ ಅಂಶವುಳ್ಳ ಕಲ್ಲಾದುದರಿಂದ ಹುಣಿಸೆಹುಳಿ ನಿಂಬೆಹುಳಿಗಳ ಕಲೆಯನ್ನು ಹೀರಿಕೊಂಡು ಮಂಕಾಗುತ್ತದೆ, ಆದ್ದರಿಂದ ಕಟ್ಟೆಯ ಮೇಲ್ಮೈಗೆ ಮಾತ್ರ ಜಿಗಣಿಯ ಕಾರ್ಖಾನೆಯೊಂದರಿಂದ ಗ್ರಾನೈಟನ್ನು ತಂದೆವು. ಗ್ಯಾಸಿನ ಸಿಲಿಂಡರಿರುವ ಗೂಡಿಗೆ ನೆಲದ ಮಟ್ಟದಲ್ಲಿ ಜಾಲರಿಯನ್ನು ಬಿಡಿಸಿದೆವು. ಆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ಕೆಳಗೇ ನಿಲ್ಲುತ್ತದೆ. ಒಗ್ಗರಣೆಯ ಹೊಗೆಗೆ ಚಾವಣಿಯ ಬಳಿ ದಾರಿ, ಅನಿಲಕ್ಕೆ ಪಾದದ ಬಳಿ ದಾರಿ.

ಅಷ್ಟರಲ್ಲಿ ದಿಕ್ಕಿನ ಪ್ರಶ್ನೆ ಬಂತು. ನಮ್ಮ ಅಡುಗೆಮನೆ ಇರುವುದು ವಾಯವ್ಯದಲ್ಲಿ. ಅದನ್ನು ಮುಟ್ಟುವುದೇ ಆದರೆ ಆಗ್ನೇಯಕ್ಕೆ ಒಯ್ಯಬೇಕು, ಇಲ್ಲವೆ ಮುಟ್ಟಲೇಬಾರದು ಎಂದು ಬಂಧುಗಳೊಬ್ಬರು ನಿಜವಾದ ಕಾಳಜಿಯಿಂದಲೇ ಹೇಳಿದರು. ದೇವರ ಮನೆಯು ಈಶಾನ್ಯದಲ್ಲಿಯೂ ಮಹಾನಸವು, ಎಂದರೆ ಅಡುಗೆಮನೆಯು, ಆಗ್ನೇಯದಲ್ಲಿಯೂ ಇರಬೇಕೆಂಬ ವಿಧಿಯನ್ನು ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿಯೇ ಕಾಣಬಹುದು, ಆದುದರಿಂದ ಇದನ್ನು ನಿನ್ನೆ ಮೊನ್ನೆಯ ಮೂಢನಂಬಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಆ ವಿಧಿಯು ನಾಲ್ಕು ಕಡೆಯೂ ಬಯಲುಳ್ಳ ವಿಶಾಲವಾದ ಭೂಮಿಯನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಸಾಲು ನಿವೇಶನಗಳಲ್ಲಿ ಒಂದು ಸಾಲಿನ ಮನೆಗಳು ಪೂರ್ವಕ್ಕೂ ಇನ್ನೊಂದು ಸಾಲಿನವು ಪಶ್ಚಿಮಕ್ಕೂ ಮುಖಮಾಡಿರುವ ಈ ಬಡಾವಣೆಯಲ್ಲಿ, ಒಂದೇ ನಕ್ಷೆಯ ಮನೆಗೆ ಈ ಬೀದಿಯಲ್ಲಿ ಆಗ್ನೇಯವೂ ಆ ಬೀದಿಯಲ್ಲಿ ವಾಯವ್ಯವೂ ಪ್ರಾಪ್ತವಾಗುತ್ತದೆ. ಮಧ್ಯದ ಗೋಡೆಯಾಚೆಗಿನ ಕುಟುಂಬಕ್ಕೆ ಶ್ರೇಯಸ್ಸೂ ಈಚೆಗಿನದಕ್ಕೆ ಅಶ್ರೇಯಸ್ಸೂ ಇಷ್ಟರಿಂದಲೇ ನಿಶ್ಚಿತವಾಗುವುದೆಂದರೆ ಬುದ್ಧಿ ಒಪ್ಪುವುದಿಲ್ಲ. ವೈಶೇಷಿಕ ದರ್ಶನವಂತೂ ಈ ವಿಷಯದಲ್ಲಿ ಇನ್ನೂ ಆಳಕ್ಕೆ ಹೋಗಿದೆ. ದಿಕ್ಕೆಂಬ ದ್ರವ್ಯವು ಒಂದೇ, ಅದು ನಿತ್ಯ, ಸರ್ವವ್ಯಾಪಿ; ಪೂರ್ವ ಪಶ್ಚಿಮಗಳೆಂಬ ಭೇದವು ಸೂರ್ಯನ ಸಂಬಂಧದಿಂದ ಬಂದ ಉಪಾಧಿಯಷ್ಟೆ ಎಂಬುದು ಅದರ ಸಿದ್ಧಾಂತ. ಅಡುಗೆಮನೆಯು ಇಂಥ ದಿಕ್ಕಿನಲ್ಲಿರುವುದು ಒಂದು ಸದಾಚಾರವಾಗಿದ್ದೀತು, ಅದನ್ನು ಪಾಲಿಸಲು ಅನುಕೂಲವುಳ್ಳವರು ಪಾಲಿಸಲಿ. ಆದರೆ ಅದಕ್ಕಾಗಿ ಭಾರಹೊತ್ತ ಗೋಡೆಯನ್ನು ಒಡೆದು, ಸಾಲಕ್ಕೆ ಬಿದ್ದು, ಮನೆಯ ನೆಮ್ಮದಿಯನ್ನು ಬಡ್ಡಿಗೆ ಕಟ್ಟುವವನು ಉಪಾಧಿಗಾಗಿ ಸ್ವರೂಪವನ್ನು ಬಲಿಗೊಟ್ಟಂತಾಗುತ್ತದೆ.

ಒಡೆಯುವುದರ ಬಗೆಗೆ ಇನ್ನೊಂದು ಶಂಕೆ ಇದಕ್ಕಿಂತ ಗಂಭೀರವಾದುದು. ನಾಲ್ಕು ದಶಕಗಳ ಕಾಲ ನೈವೇದ್ಯವನ್ನು ಬೇಯಿಸಿದ ಕಟ್ಟೆ, ಪಿತೃಗಳಿಗೆ ಪಿಂಡದ ಅನ್ನವಾದ ಒಲೆಯ ಸ್ಥಾನ. ಅದರ ಮೇಲೆ ಸುತ್ತಿಗೆಯ ಪೆಟ್ಟು ಬೀಳಬಹುದೆ? ಈ ಶಂಕೆಗೆ ಸಮಾಧಾನ ನಮ್ಮ ಆಗಮಗಳಲ್ಲಿಯೇ ಉಂಟು. ದೇವಾಲಯವು ಜೀರ್ಣವಾದಾಗ ಅದನ್ನು ಹಾಗೆಯೇ ಬಿಡತಕ್ಕದ್ದೆಂದು ಆಗಮವು ಹೇಳುವುದಿಲ್ಲ. ಬಿಂಬದಲ್ಲಿರುವ ಸಾನ್ನಿಧ್ಯವನ್ನು ಕಲಶದ ನೀರಿಗೆ ಆವಾಹಿಸಿ, ಬಾಲಾಲಯವೆಂಬ ಚಿಕ್ಕ ತಾತ್ಕಾಲಿಕ ಗುಡಿಯಲ್ಲಿರಿಸಿ, ಪೂಜೆ ತಪ್ಪದಂತೆ ನಡೆಯಿಸುತ್ತ, ಕೆಲಸ ಮುಗಿದ ಮೇಲೆ ಪುನಃ ಪ್ರತಿಷ್ಠೆ ಮಾಡತಕ್ಕದ್ದೆಂದು ವಿಧಿಸುತ್ತದೆ. ಸಾನ್ನಿಧ್ಯವು ಕಲ್ಲಿನಲ್ಲಿ ಬೆರೆತುಹೋಗಿ ಬಿಡಿಸಲಾಗದಂತೆ ಅಂಟಿಕೊಂಡಿದ್ದರೆ ಈ ವಿಧಿಗೆ ಅರ್ಥವೇ ಇರುತ್ತಿರಲಿಲ್ಲ. ಪೂಜೆಯು ಎಡೆಬಿಡದೆ ನಡೆಯುವುದೇ ಮುಖ್ಯ, ಅದು ನಡೆಯುವ ಸ್ಥಳವು ಸಂದರ್ಭಕ್ಕೆ ತಕ್ಕಂತೆ ಬದಲಾಗಬಹುದು. ಉಡುಪಿಯ ಕೃಷ್ಣಮಠದಲ್ಲಿಯೂ ಇಂಥದೇ ಒಂದು ಭಾವವನ್ನು ಕಾಣುತ್ತೇವೆ. ಅಲ್ಲಿ ಎರಡು ವರ್ಷಗಳಿಗೊಮ್ಮೆ ಪರ್ಯಾಯವು ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವಾಗ, ಕೃಷ್ಣನ ಪೂಜೆಯ ಅಧಿಕಾರದ ಕುರುಹಾಗಿ ಕೈಯಿಂದ ಕೈಗೆ ಬರುವುದು ಅಕ್ಷಯಪಾತ್ರೆ ಮತ್ತು ಸಟ್ಟುಗ. ಎರಡೂ ಅಡುಗೆಮನೆಯ ವಸ್ತುಗಳು. ಬಡಿಸುವ ಹೊಣೆಯನ್ನು ಪಡೆದವನೇ ಪೂಜಿಸುವ ಅಧಿಕಾರವನ್ನು ಪಡೆಯುತ್ತಾನೆಂಬ ಆ ಏರ್ಪಾಡನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಆದುದರಿಂದ ನಾವೂ ಹಿತ್ತಿಲ ಕಡೆಯ ತಗಡಿನ ಮಾಡಿನ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಮೇಜೊಂದನ್ನಿಟ್ಟು ಸ್ಟವ್ವನ್ನು ಅಲ್ಲಿಗೆ ಒಯ್ದೆವು. ದೇವರ ಗೂಡಿನ ಪಟಗಳು ನಡುಮನೆಯ ಬೀರುವಿನ ಮೇಲಕ್ಕೆ ಹೋದವು. ಆ ಮೇಜಿನ ಮೇಲೆ ಬೆಂದ ಅನ್ನವನ್ನೇ ಅಮ್ಮ ನಿತ್ಯದಂತೆ ದೇವರ ಮುಂದಿಟ್ಟರು.

ಇಲ್ಲಿ ಒರಳಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನನ್ನ ದೃಷ್ಟಿಯಲ್ಲಿ ಇಡೀ ಪ್ರಶ್ನೆಯ ತಿರುಳು ಅಲ್ಲಿದೆ. ಹೂಳಿದ ಒರಳನ್ನು ತೆಗೆಯಕೂಡದು, ಅದು ಮನೆಯ ಸೌಭಾಗ್ಯ, ಬೇಕಾದರೆ ಮೇಲೊಂದು ಗಾಜನ್ನು ಮುಚ್ಚಿ ನೋಡುವಂತೆ ಮಾಡಬಹುದೆಂದು ಬಂದವರು ಹೇಳುತ್ತಿದ್ದರು. ಹೇಳಿದವರೆಲ್ಲ ಗಂಡಸರು. ಅಮ್ಮ ಕೊನೆಗೆ ಮೇಸ್ತ್ರಿಯನ್ನು ಕರೆದು, “ಅದನ್ನ ತೆಗೆದು ನೆಲ ಸಮ ಮಾಡ್ಬಿಡಪ್ಪಾ. ಅದರ ಮುಂದೆ ಕೂತು ನನ್ನ ಬೆನ್ನು ಹೋಗಿದ್ದು ಸಾಕು, ನಾಳೆ ನಮ್ಮ ಹುಡುಗಿ ಎಡವಿ ಬೀಳೋದು ಬೇಡ” ಎಂದರು. ನಮ್ಮ ಹುಡುಗಿಯೆಂದರೆ ಸೊಸೆ, ನನ್ನ ಹೆಂಡತಿ. ಕಲ್ಲನ್ನು ಎತ್ತಿದಾಗ ಕೆಳಗಿನ ಗಾರೆಯು ಮೂಲ ಕೆಂಪನ್ನು ಕಳೆದುಕೊಳ್ಳದೆ ಉಳಿದಿತ್ತು. ಅದರ ಮುಂದುಗಡೆ, ರುಬ್ಬುವವರು ಕಾಲುಮಡಿಸಿ ಕುಳಿತುಕೊಳ್ಳುತ್ತಿದ್ದ ಸ್ಥಳದಲ್ಲಿ ಮಾತ್ರ ಬಣ್ಣವೆಲ್ಲ ಸವೆದು ನೆಲ ಬೆಳ್ಳಗಾಗಿತ್ತು. ಪವಿತ್ರವಾದುದು ಕಲ್ಲೋ, ಅದನ್ನು ತಿರುಗಿಸಿದ ತೋಳೋ ಎಂಬ ಪ್ರಶ್ನೆಗೆ ಆ ನೆಲವೇ ಉತ್ತರ ಕೊಟ್ಟಿತು. ಬೇಯಿಸುವವರ ದೇಹವನ್ನು ಮರೆತು ಅವರ ಉಪಕರಣವನ್ನು ಪೂಜಿಸುವ ಧರ್ಮವು ಅರ್ಧ ಧರ್ಮ.

ಅಡುಗೆಯ ಶ್ರಮವನ್ನು ಒಂದು ನೈತಿಕ ವಿಷಯವೆಂದು ತಿಳಿದು ಲೆಕ್ಕಹಾಕಿದವರಲ್ಲಿ ಆಸ್ಟ್ರಿಯದ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಪ್ರಮುಖಳು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರವು ಸಾಮಾನ್ಯ ಜನರಿಗಾಗಿ ಕಟ್ಟಿಸುತ್ತಿದ್ದ ಮನೆಗಳಿಗೆ ಆಕೆ ರೂಪಿಸಿಕೊಟ್ಟ ಅಡುಗೆಮನೆಯ ಅಗಲ 1.9 ಮೀಟರು, ಉದ್ದ 3.4 ಮೀಟರು; ನಮ್ಮ ಎಂಬತ್ತು ಚದರಡಿಗಿಂತಲೂ ಕಿರಿದು. ಗೃಹಿಣಿಯು ಒಲೆಯಿಂದ ನೀರಿಗೆ, ನೀರಿನಿಂದ ಕಪಾಟಿಗೆ ಇಡುವ ಹೆಜ್ಜೆಗಳನ್ನು ಅಳೆದು, ಪ್ರತಿಯೊಂದು ಧಾನ್ಯಕ್ಕೂ ಕೈಗೆಟಕುವ ಡಬ್ಬಿಯನ್ನು ಕಲ್ಪಿಸಿದ ಆ ವಿನ್ಯಾಸವು ಸುಮಾರು 10,000 ಮನೆಗಳಲ್ಲಿ ಸ್ಥಾಪಿತವಾಯಿತು. ಅವಳ ಕರುಣೆಗೆ ನಾನು ನಮಸ್ಕರಿಸುತ್ತೇನೆ. ಆದರೆ ಆ ಅಡುಗೆಮನೆಯು ಒಬ್ಬಳಿಗಾಗಿ ಅಳೆದದ್ದು. ಎರಡನೆಯವಳು ಒಳಕ್ಕೆ ಬಂದರೆ ಮೊದಲನೆಯವಳು ಹೊರಕ್ಕೆ ಹೋಗಬೇಕು. ನಮ್ಮಲ್ಲಿಯಾದರೋ ಅತ್ತೆ ಈಳಿಗೆಮಣೆಯ ಮೇಲೆ ಕುಳಿತು ಹುರುಳಿಕಾಯಿ ಹೆಚ್ಚುತ್ತಿರುವಾಗ ಸೊಸೆ ಸಾರಿಗೆ ಒಗ್ಗರಣೆ ಹಾಕುತ್ತಿರುತ್ತಾಳೆ. ಹೊಸ್ತಿಲಲ್ಲಿ ನಿಂತ ಮಗು ಕಾಯಿತುರಿಗೆ ಕೈ ಚಾಚುತ್ತದೆ. ಅಂಗಡಿಯವರು ತೋರಿಸಿದ ನಕ್ಷೆಗಳೆಲ್ಲ ನಾಲ್ಕು ಗೋಡೆಗೂ ಕಪಾಟುಗಳನ್ನು ತುಂಬಿ ನೆಲವನ್ನು ನುಂಗಿಹಾಕಿದ್ದವು. ಕೂರಲು ನೆಲವನ್ನು ಬಿಡಬೇಕೆಂದು ಹಟಹಿಡಿದು ಒಂದು ಗೋಡೆಯ ಕಪಾಟುಗಳನ್ನು ಬಿಟ್ಟೇಬಿಟ್ಟೆವು, ಅದರಿಂದ ಹಣವೂ ಉಳಿಯಿತು.

ಕಟ್ಟೆಯ ಎತ್ತರದಲ್ಲಿಯೂ ಇಬ್ಬರ ಪ್ರಶ್ನೆಯೇ ಎದುರಾಯಿತು. ಅಮ್ಮ ಗಿಡ್ಡ, ನನ್ನ ಹೆಂಡತಿ ಎತ್ತರ. ಒಲೆಯ ಮೇಲೆ ಪಾತ್ರೆ ಏರುವುದರಿಂದ ಒಲೆಯ ಕಟ್ಟೆ ತಗ್ಗಾಗಿರಬೇಕು. ಸಿಂಕಿನ ತಳವು ಕೆಳಗಿರುವುದರಿಂದ ಅದರ ಕಟ್ಟೆ ಕೆಲವು ಅಂಗುಲ ಎತ್ತರವಾಗಿರಬೇಕು. ಒಲೆಯ ಮುಂದೆ ನಿಲ್ಲುವವರು ಹೆಚ್ಚಾಗಿ ಅಮ್ಮ, ಪಾತ್ರೆ ತೊಳೆಯುವವರು ನಾನೂ ನನ್ನ ಹೆಂಡತಿಯೂ. ಆದುದರಿಂದ ಒಂದೇ ಸಮತಲದ ಅಂದವನ್ನು ಬಿಟ್ಟು ಎರಡು ಮಟ್ಟಗಳನ್ನು ಕಟ್ಟಿಸಿದೆವು.

ಮನುಸ್ಮೃತಿಯು ಗೃಹಸ್ಥನ ಮನೆಯಲ್ಲಿ ಐದು ವಧಾಸ್ಥಾನಗಳನ್ನು ಎಣಿಸುತ್ತದೆ: ಒಲೆ, ಅರೆಯುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಇವುಗಳನ್ನು ಬಳಸುವಾಗ ತಿಳಿದೋ ತಿಳಿಯದೆಯೋ ಆಗುವ ಹಿಂಸೆಗೆ ಪ್ರಾಯಶ್ಚಿತ್ತವಾಗಿ ದೇವ, ಪಿತೃ, ಬ್ರಹ್ಮ, ಭೂತ, ಮನುಷ್ಯ ಎಂಬ ಪಂಚಮಹಾಯಜ್ಞಗಳನ್ನು ವಿಧಿಸುತ್ತದೆ. ಆ ಸ್ಮೃತಿಯ ಎಷ್ಟೋ ಮಾತುಗಳನ್ನು ಇಂದಿನ ವಿವೇಕವು ಒಪ್ಪಲಾರದು. ಈ ಮಾತನ್ನು ಮಾತ್ರ ಒಪ್ಪದಿರುವ ಬಗೆ ನನಗೆ ತಿಳಿಯದು. ಅನ್ನವನ್ನು ಬೇಯಿಸುವ ಸ್ಥಳವೇ ಹಿಂಸೆಯ ಸ್ಥಳವೆಂದು ತಿಳಿದು, ಅದರಿಂದಲೇ ಅದನ್ನು ಯಜ್ಞದ ಸ್ಥಳವನ್ನಾಗಿ ಮಾಡಿದ ಬುದ್ಧಿ ಅದು. ಒಲೆ ಗ್ಯಾಸಾಗಿದೆ, ಒರಳು ಗ್ರೈಂಡರಾಗಿದೆ, ಕೊಡವು ನಲ್ಲಿಯಾಗಿದೆ, ಋಣ ಮಾತ್ರ ಹಾಗೆಯೇ ಇದೆ. ಈ ನಲ್ಲಿಗೆ ಬರುವ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಬೆಟ್ಟದೆತ್ತರಕ್ಕೆ ಪಂಪು ಮಾಡಿ ತರುತ್ತಾರೆ. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗಾಗಿ ಪರದಾಡಿದಾಗ ಅಪಾರ್ಟ್‌ಮೆಂಟುಗಳೂ ವಾಣಿಜ್ಯ ಕಟ್ಟಡಗಳೂ ನಲ್ಲಿಗೆ ಏರೇಟರ್ ಹಾಕತಕ್ಕದ್ದೆಂದು ಜಲಮಂಡಳಿ ಆಜ್ಞೆ ಮಾಡಿತು. ಕೆಲವೇ ರೂಪಾಯಿಗಳ ಆ ಜಾಲರಿಯನ್ನು ನಮ್ಮ ನಲ್ಲಿಗೂ ಹಾಕಿಸಿದ್ದೇವೆ. ಸಿಂಕಿನ ಪಕ್ಕದಲ್ಲಿಯೇ ಹಸಿ ಕಸಕ್ಕೂ ಒಣ ಕಸಕ್ಕೂ ಬೇರೆ ಬೇರೆ ಸ್ಥಳವನ್ನು ಬಿಡಿಸಿದೆವು. ಸಾರಕ್ಕಿ ಪುಟ್ಟೇನಹಳ್ಳಿಗಳ ಕೆರೆಗಳನ್ನು ಉಳಿಸಿಕೊಳ್ಳಲು ಇಲ್ಲಿಯ ನಾಗರಿಕರು ಪಟ್ಟ ಪಾಡನ್ನು ಬಲ್ಲವರಿಗೆ, ಮನೆಯ ಕಸ ಮತ್ತು ಕೊಳೆನೀರು ಗೋಡೆಯಾಚೆ ಎಲ್ಲಿಗೆ ಹೋಗುತ್ತವೆಂಬುದು ಅಡುಗೆಮನೆಯ ವಿಸ್ತೀರ್ಣದೊಳಗೇ ಸೇರಿದ ವಿಷಯ. ಸಕಲ ಜೀವಿಗಳಿಗೂ ಸಲ್ಲಬೇಕಾದ ಭೂತಯಜ್ಞವೆಂಬುದಕ್ಕೆ ಇಂದು ಇದಕ್ಕಿಂತ ಹತ್ತಿರದ ಆಚರಣೆ ಯಾವುದಿದ್ದೀತು?

ತೈತ್ತಿರೀಯೋಪನಿಷತ್ತಿನಲ್ಲಿ ವರುಣನ ಮಗನಾದ ಭೃಗುವು ಬ್ರಹ್ಮವನ್ನು ಅರಸಿ ತಪಸ್ಸು ಮಾಡಿ, ಅನ್ನವೇ ಬ್ರಹ್ಮವೆಂದು ಮೊದಲು ಕಂಡು, ಅದನ್ನು ದಾಟಿ ಪ್ರಾಣ, ಮನಸ್ಸು, ವಿಜ್ಞಾನಗಳನ್ನೂ ದಾಟಿ ಕೊನೆಗೆ ಆನಂದವನ್ನು ಮುಟ್ಟುತ್ತಾನೆ. ಓದುವವರು ಸಾಮಾನ್ಯವಾಗಿ ಅಲ್ಲಿಗೇ ಪುಸ್ತಕವನ್ನು ಮುಚ್ಚುತ್ತಾರೆ. ಉಪನಿಷತ್ತಾದರೋ ಆನಂದದ ಶಿಖರವನ್ನು ಮುಟ್ಟಿದ ಕೂಡಲೇ ಮತ್ತೆ ಅನ್ನಕ್ಕೆ ಇಳಿದುಬರುತ್ತದೆ: ಅನ್ನವನ್ನು ನಿಂದಿಸಕೂಡದು, ಅನ್ನವನ್ನು ಬಿಸುಡಕೂಡದು, ಅನ್ನವನ್ನು ಹೆಚ್ಚಿಸಬೇಕು, ಆಶ್ರಯ ಕೇಳಿ ಬಂದವರನ್ನು ತಿರುಗಿಸಿ ಕಳುಹಿಸಕೂಡದು ಎಂಬ ವ್ರತಗಳನ್ನು ಹೇಳುತ್ತದೆ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ನಿತ್ಯವೂ ನಡೆಯುವ ದಾಸೋಹವನ್ನು ಕಂಡವರಿಗೆ ಈ ವ್ರತದ ವಿಶಾಲವಾದ ರೂಪವು ತಿಳಿದೇ ಇದೆ. ಎಂಬತ್ತು ಚದರಡಿಯ ಗೃಹಸ್ಥನಿಗೆ ಅದು ಯಾವ ರೂಪದಲ್ಲಿ ಬರುತ್ತದೆಂದು ನಾನು ಬಹಳ ಯೋಚಿಸಿದೆ.

ಅದು ಬಂದದ್ದು ದೊಡ್ಡ ಪಾತ್ರೆಗಳ ರೂಪದಲ್ಲಿ. ಇಪ್ಪತ್ತು ಜನಕ್ಕೆ ಹುಳಿ ಮಾಡುವ ತಪ್ಪಲೆ, ಅನ್ನದ ಕೊಳದಪ್ಪಲೆ, ಉದ್ದನೆಯ ಸೌಟು ಇವೆಲ್ಲ ಈಗ ವರ್ಷಕ್ಕೆ ಎಷ್ಟು ಸಲ ಬೇಕಾಗುತ್ತವೆಂದು ಕೇಳಿದ ಬಡಗಿಯು, ಅವನ್ನು ಅಟ್ಟಕ್ಕೆ ಹಾಕಿ ಕೆಳಗಿನ ಸ್ಥಳದಲ್ಲಿ ಎಳೆಯುವ ಡ್ರಾಯರುಗಳನ್ನು ಮಾಡಿಕೊಡುವೆನೆಂದನು. ಲೆಕ್ಕದ ದೃಷ್ಟಿಯಿಂದ ಅವನ ಮಾತು ನ್ಯಾಯವಾದುದೇ. ಆದರೆ ಅಟ್ಟಕ್ಕೇರಿದ ತಪ್ಪಲೆಯು ಹೇಳಿ ಬರುವ ಹಬ್ಬಕ್ಕೆ ಇಳಿದೀತೇ ಹೊರತು, ಹೇಳದೆ ಬರುವ ಅತಿಥಿಗೆ ಇಳಿಯುವುದಿಲ್ಲ. ಏಣಿ ಹಾಕಿ ಇಳಿಸಬೇಕಾದ ಪಾತ್ರೆಯನ್ನು ನೆನೆದು, ಊಟ ಮಾಡಿಕೊಂಡೇ ಹೋಗಿರೆಂಬ ಮಾತು ಗಂಟಲಲ್ಲಿಯೇ ನಿಂತುಬಿಡುತ್ತದೆ. ಆದುದರಿಂದ ಸಿಂಕಿನ ಬಲಗಡೆ, ಮೊಣಕಾಲಿನ ಮಟ್ಟದಲ್ಲಿ, ಹಳೆಯ ಕಡಪ ಕಲ್ಲಿನ ಅತ್ಯಂತ ಅಗಲವಾದ ತುಂಡನ್ನೇ ಆರಿಸಿ ಆ ಪಾತ್ರೆಗಳಿಗೆ ಹಾಕಿಸಿದೆವು. ಎರಡು ಡ್ರಾಯರುಗಳ ಹಣ ಉಳಿಯಿತು. ಅದು ಕಾಯಿ ತುರಿಯುವಾಗ ಅಮ್ಮ ಕೂರುವ ಮೂಲೆಗೆ ಒಂದು ದೀಪ ಹಾಕಿಸಲು ಸಾಕಾಯಿತು.